ಸೋಲು ಯಾರ ಖಾತೆಗೆ? ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡದ 1899ರ ಋತು



2024ರಲ್ಲಿ ಶಿಕಾಗೊದ ವೈಟ್ ಸಾಕ್ಸ್ ತಂಡ 162 ಪಂದ್ಯಗಳ ಪೈಕಿ 121ನ್ನು ಸೋತಾಗ ಅಮೆರಿಕದ ಕ್ರೀಡಾ ಪತ್ರಕರ್ತರು ಹಳೆಯ ದಾಖಲೆಗಳನ್ನು ತೆಗೆದು ಕೂತರು. 1900ರಿಂದ ಈಚೆಗೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಇಷ್ಟು ಪಂದ್ಯ ಸೋತ ತಂಡ ಇನ್ನೊಂದಿಲ್ಲ ಎಂದು ಖಾತ್ರಿಯಾಯಿತು. ಲೆಕ್ಕವನ್ನು 1900ರಿಂದ ಶುರುಮಾಡುವುದರಲ್ಲಿ ಒಂದು ಅನುಕೂಲವಿದೆ. ಒಂದೇ ಒಂದು ವರ್ಷ ಹಿಂದಕ್ಕೆ ಸರಿದರೆ ಕ್ಲೀವ್‌ಲ್ಯಾಂಡ್ ನಗರದ ಸ್ಪೈಡರ್ಸ್ ತಂಡ ಎದುರಾಗುತ್ತದೆ. 1899ರ ನ್ಯಾಷನಲ್ ಲೀಗ್‌ನಲ್ಲಿ ಅದು ಆಡಿದ್ದು 154 ಪಂದ್ಯ, ಗೆದ್ದದ್ದು 20, ಸೋತದ್ದು 134. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಅದರದು ಹನ್ನೆರಡನೆಯ ಸ್ಥಾನ. ಮೊದಲ ಸ್ಥಾನದ ಬ್ರೂಕ್ಲಿನ್‌ಗಿಂತ 84 ಪಂದ್ಯ ಹಿಂದೆ, ಹನ್ನೊಂದನೆಯ ಸ್ಥಾನದ ವಾಷಿಂಗ್ಟನ್‌ಗಿಂತಲೂ 35 ಪಂದ್ಯ ಹಿಂದೆ. ಕ್ರಿಕೆಟ್ಟಿನ ನಾಡಿನವರಾದ ನಮಗೆ ಈ ಅಂಕಿಯ ತೂಕ ತಿಳಿಯಬೇಕಾದರೆ ಬೇಸ್‌ಬಾಲ್‌ನ ಒಂದು ಗುಣ ಗೊತ್ತಿರಬೇಕು. ಆ ಆಟದಲ್ಲಿ ಒಂದು ದಿನದ ಅದೃಷ್ಟದ ಪಾಲು ದೊಡ್ಡದು, ಋತುವೋ ಬಲು ಉದ್ದ. ಹಾಗಾಗಿ ಚಾಂಪಿಯನ್ ತಂಡವೂ ಮೂರರಲ್ಲಿ ಒಂದು ಪಂದ್ಯ ಸೋಲುತ್ತದೆ, ತಳ ಕಂಡ ತಂಡವೂ ಮೂರರಲ್ಲಿ ಒಂದನ್ನು ಹೇಗೋ ಗೆದ್ದುಕೊಳ್ಳುತ್ತದೆ. ವೈಟ್ ಸಾಕ್ಸ್ ಕೂಡ ನಾಲ್ಕಕ್ಕೊಂದು ಗೆದ್ದಿತು. ಸ್ಪೈಡರ್ಸ್ ಗೆದ್ದದ್ದು ಹೆಚ್ಚುಕಡಿಮೆ ಎಂಟಕ್ಕೊಂದು. ಬರೀ ಕೆಟ್ಟ ಆಟದಿಂದ ಒಂದು ತಂಡ ಈ ಮಟ್ಟಕ್ಕೆ ಇಳಿಯುವುದು ಕಷ್ಟ. ಬೇಸ್‌ಬಾಲ್ ಚರಿತ್ರೆಯಲ್ಲಿ ಈ ಕಥೆಯನ್ನು ಸಾಮಾನ್ಯವಾಗಿ ನಗೆಹನಿಯಂತೆ ಹೇಳುತ್ತಾರೆ. ನಾನು ಅದನ್ನು ಲೆಕ್ಕಪತ್ರದಂತೆ ಓದಬೇಕು ಎನ್ನುತ್ತೇನೆ. 134 ಎಂಬ ಅಂಕಿ ಆಟಗಾರರ ಯೋಗ್ಯತೆಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಒಡೆತನದ ಒಂದು ಬಗೆಯನ್ನು ಅಳೆಯುತ್ತದೆ. ಎರಡು ತಂಡಗಳು ಒಂದೇ ಮಾಲೀಕರ ಕೈಯಲ್ಲಿದ್ದು ಒಂದೇ ಲೀಗ್‌ನಲ್ಲಿ ಆಡಿದರೆ, ಅವುಗಳಲ್ಲಿ ಒಂದರ ಸೋಲು ಸೋಲಾಗಿ ಉಳಿಯುವುದಿಲ್ಲ, ಮಾಲೀಕರ ಖರ್ಚಿನ ಬಾಬಾಗುತ್ತದೆ. ಇಂದಿನ ಉಪನ್ಯಾಸದ ವಾದ ಇಷ್ಟೇ. ಉಳಿದದ್ದು ಅದಕ್ಕೆ ಪುರಾವೆ ಮತ್ತು ಅದರ ಮೇಲೆ ಬರಬಹುದಾದ ಆಕ್ಷೇಪಗಳಿಗೆ ಉತ್ತರ.

ಮೊದಲು ತಂಡದ ಹಿನ್ನೆಲೆ. ಸ್ಪೈಡರ್ಸ್ ಹುಟ್ಟಾ ದರಿದ್ರ ತಂಡವಾಗಿರಲಿಲ್ಲ. ಅದರ ಮಾಲೀಕರು ಫ್ರಾಂಕ್ ರಾಬಿಸನ್ ಮತ್ತು ಅವನ ತಮ್ಮ ಸ್ಟ್ಯಾನ್ಲಿ. ಇಬ್ಬರದೂ ಟ್ರಾಮ್ ವ್ಯವಹಾರ. 1891ರಲ್ಲಿ ಅವರು ಕಟ್ಟಿಸಿದ ಲೀಗ್ ಪಾರ್ಕ್ ಮೈದಾನ ಇದ್ದದ್ದು ಅವರದೇ ಟ್ರಾಮ್ ದಾರಿಯಲ್ಲಿ. ಆಟ ನೋಡಲು ಬರುವವನು ಗೇಟಿನಲ್ಲಿ ಟಿಕೆಟ್ ಕೊಳ್ಳುವ ಮೊದಲೇ ಟ್ರಾಮಿನ ಟಿಕೆಟ್ ಕೊಂಡಿರುತ್ತಿದ್ದ. ಈ ಮೈದಾನದ ಮೊದಲ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಪರವಾಗಿ ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ, ಇಳಿದವನು ಸೈ ಯಂಗ್. ಒಹಾಯೊ ರಾಜ್ಯದ ಈ ಹಳ್ಳಿಗ ವೃತ್ತಿಜೀವನ ಮುಗಿಸುವ ಹೊತ್ತಿಗೆ 511 ಪಂದ್ಯ ಗೆದ್ದಿದ್ದ. ಆ ದಾಖಲೆಯನ್ನು ಈವರೆಗೆ ಯಾರೂ ಮುಟ್ಟಿಲ್ಲ. ಶ್ರೇಷ್ಠ ಪಿಚರ್‌ಗೆ ವರ್ಷವರ್ಷವೂ ಕೊಡುವ ಪ್ರಶಸ್ತಿ ಅವನ ಹೆಸರಿನಲ್ಲೇ ಇದೆ. ಅವನ ಜೊತೆಗೆ ಜೆಸ್ಸಿ ಬರ್ಕೆಟ್ ಎಂಬ ಅಪ್ಪಟ ಬ್ಯಾಟುಗಾರನಿದ್ದ, ಬಾಬಿ ವ್ಯಾಲೇಸ್ ಎಂಬ ಫೀಲ್ಡರ್ ಇದ್ದ, ಜಗಳಗಂಟನೆಂದು ಹೆಸರಾದ ನಾಯಕ ಪ್ಯಾಟ್ಸಿ ಟೆಬೋ ಇದ್ದ. 1895ರಲ್ಲಿ ಈ ತಂಡ ಆ ಕಾಲದ ಪ್ರತಿಷ್ಠೆಯ ಬಾಲ್ಟಿಮೋರ್ ತಂಡವನ್ನು ಸೋಲಿಸಿ ಟೆಂಪಲ್ ಕಪ್ ಗೆದ್ದಿತು. 1898ರಲ್ಲೂ 81 ಗೆಲುವು, 68 ಸೋಲಿನೊಂದಿಗೆ ಐದನೆಯ ಸ್ಥಾನದಲ್ಲಿತ್ತು. ಕೊರತೆ ಇದ್ದದ್ದು ಗಲ್ಲಾಪೆಟ್ಟಿಗೆಯಲ್ಲಿ. ವಾರಕ್ಕೆ ಆರು ದಿನ ದುಡಿಯುವ ಕಾರ್ಖಾನೆಯ ಊರಿಗೆ ಬಿಡುವಿನ ದಿನವೆಂದರೆ ಭಾನುವಾರ ಒಂದೇ. ಒಹಾಯೊದ ಕಾನೂನು ಭಾನುವಾರದ ಆಟವನ್ನು ನಿಷೇಧಿಸಿತ್ತು. 1897ರ ಮೇ ತಿಂಗಳಲ್ಲಿ ರಾಬಿಸನ್ ಹಟ ಹಿಡಿದು ಭಾನುವಾರ ಪಂದ್ಯ ಇಟ್ಟಾಗ, ಆಟ ಶುರುವಾದ ಸ್ವಲ್ಪ ಹೊತ್ತಿಗೇ ಪೊಲೀಸರು ಬಂದು ಆಟಗಾರರನ್ನು ಬಂಧಿಸಿದರು. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕಾನೂನು ಗೆದ್ದಿತು. ಮರುವರ್ಷ ಮಾಲೀಕರು ಮುನಿಸಿಕೊಂಡು ತವರಿನ ಪಂದ್ಯಗಳನ್ನು ಬೇರೆ ಊರುಗಳಿಗೆ ಸಾಗಿಸತೊಡಗಿದರು. ಆ ವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಆಟ ನೋಡಿದವರು 70 ಸಾವಿರದ ಆಸುಪಾಸು.

ಅತ್ತ ಸೇಂಟ್ ಲೂಯಿಸ್ ನಗರದಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿ. ಅಲ್ಲಿ ಭಾನುವಾರ ಆಡಬಹುದಿತ್ತು, ಮೈದಾನದಲ್ಲಿ ಬಿಯರ್ ಮಾರಬಹುದಿತ್ತು, ಜನ ಬರುತ್ತಿದ್ದರು; ಇಲ್ಲದ್ದು ತಂಡವೊಂದೇ. 1898ರಲ್ಲಿ 39 ಗೆದ್ದು 111 ಸೋತು ಕೊನೆಯ ಸ್ಥಾನದಲ್ಲಿದ್ದರೂ ಅಲ್ಲಿ ಒಂದೂವರೆ ಲಕ್ಷ ಜನ ಟಿಕೆಟ್ ಕೊಂಡಿದ್ದರು. ಅದರ ಮಾಲೀಕ ಕ್ರಿಸ್ ಫಾನ್ ಡೆರ್ ಆಹೆ ಜರ್ಮನಿಯಿಂದ ಬಂದು ಹೆಂಡದಂಗಡಿಯಲ್ಲಿ ಹಣ ಮಾಡಿದವನು. 1880ರ ದಶಕದಲ್ಲಿ ಸಾಲಾಗಿ ನಾಲ್ಕು ವರ್ಷ ಪ್ರಶಸ್ತಿ ಗೆದ್ದ ತಂಡದ ಒಡೆಯ. ಹತ್ತು ವರ್ಷಗಳಲ್ಲಿ ಅವನು ಸಾಲಗಾರನಾದ, ಮೈದಾನದ ಅಟ್ಟಣಿಗೆಗೆ ಬೆಂಕಿ ಬಿತ್ತು, 1899ರ ಮಾರ್ಚ್‌ನಲ್ಲಿ ತಂಡ ನ್ಯಾಯಾಲಯದ ಹರಾಜಿಗೆ ಬಂತು. ಕೈ ಬದಲಾಯಿಸಿ ಅದು ಕೊನೆಗೆ ಸೇರಿದ್ದು ರಾಬಿಸನ್ ಸಹೋದರರನ್ನು. ಕ್ಲೀವ್‌ಲ್ಯಾಂಡ್ ತಂಡವನ್ನು ಅವರು ಮಾರಲಿಲ್ಲ. ಎರಡನ್ನೂ ಇಟ್ಟುಕೊಂಡರು. ಋತು ಶುರುವಾಗಲು ವಾರಗಳಷ್ಟೇ ಇದ್ದಾಗ ಯಂಗ್, ಬರ್ಕೆಟ್, ವ್ಯಾಲೇಸ್, ಟೆಬೋ ಸೇರಿದಂತೆ ಹೆಸರುಳ್ಳ ಆಟಗಾರರನ್ನೆಲ್ಲ ಸೇಂಟ್ ಲೂಯಿಸ್‌ಗೆ ರವಾನಿಸಿದರು. ಅಲ್ಲಿದ್ದ ಹಳಬರಲ್ಲಿ ಹಲವರನ್ನು ಕ್ಲೀವ್‌ಲ್ಯಾಂಡ್‌ಗೆ ಕಳಿಸಿದರು. ಸೇಂಟ್ ಲೂಯಿಸ್ ತಂಡಕ್ಕೆ 'ಪರ್ಫೆಕ್ಟೋಸ್' ಎಂಬ ಹೊಸ ಹೆಸರು ಬಂತು, ಪರಿಪೂರ್ಣರು ಎಂಬ ಅರ್ಥದಲ್ಲಿ. ಐಪಿಎಲ್ ಹರಾಜು ನೋಡಿ ರೂಢಿಯಾದ ನಮಗೆ ಆಟಗಾರ ತಂಡ ಬದಲಿಸುವುದು ವಿಶೇಷವೆನಿಸದು. ಆದರೆ ಹರಾಜಿನಲ್ಲಿ ಕೊಡುವವನು ಬೇರೆ, ಕೊಳ್ಳುವವನು ಬೇರೆ. ಇಬ್ಬರಿಗೂ ಗೆಲ್ಲುವ ಆಸೆ ಇರುತ್ತದೆ. ಇಲ್ಲಿ ಕೊಟ್ಟವರೂ ಅವರೇ, ಕೊಂಡವರೂ ಅವರೇ.

ಏಪ್ರಿಲ್ 15ರಂದು ಸ್ಪೈಡರ್ಸ್ ತನ್ನ ಮೊದಲ ಪಂದ್ಯ ಆಡಿದ್ದು ಸೇಂಟ್ ಲೂಯಿಸ್‌ನಲ್ಲಿ, ಅದೇ ಪರ್ಫೆಕ್ಟೋಸ್ ವಿರುದ್ಧ. ಎದುರಿಗೆ ನಿಂತ ಪಿಚರ್ ಸೈ ಯಂಗ್. ಫಲಿತಾಂಶ 10-1. ಗೆದ್ದ ತಂಡದ ಹೆಚ್ಚಿನವರು ಹಿಂದಿನ ವರ್ಷ ಕ್ಲೀವ್‌ಲ್ಯಾಂಡ್ ಅಂಗಿ ತೊಟ್ಟಿದ್ದವರು, ಸೋತ ತಂಡದ ಹಲವರು ಹಿಂದಿನ ವರ್ಷ ಅದೇ ಮೈದಾನವನ್ನು ತವರು ಎಂದುಕೊಂಡಿದ್ದವರು. ತುಂಬಿದ ಮೈದಾನದ ಗೇಟಿನಲ್ಲಿ ಬಂದ ಹಣದಲ್ಲಿ ಆತಿಥೇಯರ ಪಾಲೂ ಅತಿಥಿಗಳ ಪಾಲೂ ಸಂಜೆಗೆ ಒಂದೇ ಮನೆ ಸೇರಿತು. ಒಬ್ಬನೇ ಕೂತು ನಾಲ್ಕು ಕಡೆಯ ಕಾಯಿಗಳನ್ನೂ ತಾನೇ ನಡೆಸುವ ಚೌಕಾಬಾರದಂತೆ. ಯಾರು ಗೆದ್ದರೂ ಸರಿಯೆ, ಕವಡೆ ಅವನದೇ.

ಈಗ ನನ್ನ ವಾದಕ್ಕೆ ಬೇಕಾದ ಮುಖ್ಯ ಹೋಲಿಕೆ. 1898ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ತಂಡ 81-68, ಐದನೆಯ ಸ್ಥಾನ. 1899ರಲ್ಲಿ ಅದೇ ಆಟಗಾರರ ಬಳಗ ಸೇಂಟ್ ಲೂಯಿಸ್‌ನಲ್ಲಿ ಮಾಡಿದ ಸಾಧನೆ 84-67. ಸ್ಥಾನ ಮತ್ತೆ ಐದು. ಯಂಗ್ 26 ಪಂದ್ಯ ಗೆದ್ದ, ಬರ್ಕೆಟ್ ಸಾವಿರಕ್ಕೆ ನಾನೂರರ ಅಂಚಿಗೆ ಹೋಗಿಬರುವಂಥ ಸರಾಸರಿ ಹೊಡೆದ, ಆದರೂ ತಂಡ ಇದ್ದಲ್ಲೇ ಇತ್ತು. ಪರಿಪೂರ್ಣರು ಎಂಬ ಹೆಸರು ಆ ವರ್ಷದ ಕೊನೆಗೆ ಸವೆದುಹೋಯಿತು. 1900ರಲ್ಲಿ ಅದು ಕಾರ್ಡಿನಲ್ಸ್ ಆಯಿತು, ಇಂದಿಗೂ ಅದೇ ಹೆಸರು. ಆಟದ ದೃಷ್ಟಿಯಿಂದ ಆ ದೊಡ್ಡ ಸಾಗಾಟದ ಲಾಭ ಸೊನ್ನೆ. ಐದನೆಯ ಸ್ಥಾನದ ಒಂದು ತಂಡವನ್ನು ರೈಲು ಹತ್ತಿಸಿ ಇನ್ನೊಂದು ಊರಿನಲ್ಲಿ ಐದನೆಯ ಸ್ಥಾನಕ್ಕೆ ಇಳಿಸಿದ್ದಷ್ಟೇ. ಗಲ್ಲಾಪೆಟ್ಟಿಗೆಯ ದೃಷ್ಟಿಯಿಂದ ನೋಡಿದರೆ ಚಿತ್ರವೇ ಬೇರೆ. ಸೇಂಟ್ ಲೂಯಿಸ್‌ನಲ್ಲಿ ಆ ವರ್ಷ 3 ಲಕ್ಷ 70 ಸಾವಿರ ಮೀರಿದ ಪ್ರೇಕ್ಷಕರು. ಹೀಗಿರುವಾಗ ಮಾಲೀಕರ ಉದ್ದೇಶ ಪ್ರಶಸ್ತಿಯಾಗಿತ್ತೋ ಪ್ರೇಕ್ಷಕರಾಗಿತ್ತೋ ಎಂದು ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಇಲ್ಲೊಂದು ಪ್ರಶ್ನೆ ಏಳಲೇಬೇಕು. ಕ್ಲೀವ್‌ಲ್ಯಾಂಡ್‌ಗೆ ಬಂದದ್ದು ಸೇಂಟ್ ಲೂಯಿಸ್‌ನ ಹಳೆಯ ತಂಡ ಎನ್ನುವುದಾದರೆ, ಆ ತಂಡ 1898ರಲ್ಲಿ 39 ಗೆದ್ದಿತ್ತು. 39ರಿಂದ 20ಕ್ಕೆ ಇಳಿದದ್ದು ಹೇಗೆ? ಬರೀ ಆಟಗಾರರ ಅದಲುಬದಲು ಈ ಇಳಿತವನ್ನು ವಿವರಿಸುವುದಿಲ್ಲ. ವಿವರಿಸುವ ಸಂಗತಿಗಳು ಎರಡು, ಎರಡೂ ಋತು ನಡೆಯುತ್ತಿದ್ದಾಗ ಮಾಲೀಕರು ಕೈಗೊಂಡ ತೀರ್ಮಾನಗಳು. ಮೊದಲನೆಯದು, ಅಳಿದುಳಿದದ್ದನ್ನೂ ಕೀಳುವುದು. ಸ್ಪೈಡರ್ಸ್‌ನ ಮೊದಲ ನಾಯಕ ಲೇವ್ ಕ್ರಾಸ್ ಒಳ್ಳೆಯ ಆಟಗಾರ. ಅವನ ಕೈಕೆಳಗೆ ತಂಡ 8 ಗೆದ್ದು 30 ಸೋತಿತು. ಇದು ಕಳಪೆಯೇ, ಆದರೆ ಐದಕ್ಕೊಂದು ಗೆಲುವು. ಜೂನ್ ಶುರುವಿನಲ್ಲಿ ಮಾಲೀಕರು ಅವನನ್ನೂ ಪಿಚರ್ ವಿಲ್ಲಿ ಸುಡಾಫ್‌ನನ್ನೂ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ತಂಡದಲ್ಲಿ ಯಾರಾದರೂ ಸ್ವಲ್ಪ ಚೆನ್ನಾಗಿ ಆಡಿದರೆ ಅವನ ಬಡ್ತಿ ಎದುರಾಳಿ ತಂಡಕ್ಕೆ! ನಂತರ ನಾಯಕನಾದವನು ಜೋ ಕ್ವಿನ್, ಆಸ್ಟ್ರೇಲಿಯಾದಲ್ಲಿ ಹುಟ್ಟಿದವನು. ಅವನ ಇನ್ನೊಂದು ಕಸುಬು ಶವಸಂಸ್ಕಾರದ ಏರ್ಪಾಡು ಮಾಡುವುದು. ಇದಕ್ಕೆ ನಾನೇನೂ ಸೇರಿಸಬೇಕಿಲ್ಲ. ಅವನ ಕಾಲದಲ್ಲಿ 12 ಗೆಲುವು, 104 ಸೋಲು. ಇಡೀ ಋತುವಿನಲ್ಲಿ ಈ ತಂಡ ಬೆನ್ನುಬೆನ್ನಿಗೆ ಎರಡು ಪಂದ್ಯ ಗೆದ್ದದ್ದು ಒಂದೇ ಒಂದು ಸಲ, ಅದೂ ಮೇ ತಿಂಗಳಲ್ಲಿ, ಕ್ರಾಸ್ ಇನ್ನೂ ಇದ್ದಾಗ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಸಾಲಾಗಿ 24 ಸೋಲು. ಕೊನೆಯ 41 ಪಂದ್ಯಗಳಲ್ಲಿ 40 ಸೋಲು.

ಎರಡನೆಯ ತೀರ್ಮಾನ ಇನ್ನೂ ವಿಚಿತ್ರ. ಲೀಗ್‌ನ ನಿಯಮದಂತೆ ಗೇಟ್ ಹಣದಲ್ಲಿ ಅತಿಥಿ ತಂಡಕ್ಕೆ ಪಾಲಿತ್ತು. ಕ್ಲೀವ್‌ಲ್ಯಾಂಡ್‌ನಲ್ಲಿ ಒಂದು ಪಂದ್ಯಕ್ಕೆ ನೂರೈವತ್ತು ಜನವೂ ಸೇರದಿದ್ದಾಗ ಆ ಪಾಲಿನಲ್ಲಿ ರೈಲು ಟಿಕೆಟ್ಟೂ ಹೋಟೆಲ್ ಬಾಡಿಗೆಯೂ ಗಿಟ್ಟುತ್ತಿರಲಿಲ್ಲ. ಉಳಿದ ತಂಡಗಳು ಅಲ್ಲಿಗೆ ಬರಲು ಒಲ್ಲೆ ಎಂದವು. ಮಾಲೀಕರಿಗೂ ಅದೇ ಬೇಕಿತ್ತು. ತವರಿನ ಪಂದ್ಯಗಳನ್ನು ಎದುರಾಳಿಗಳ ಊರಿಗೇ ವರ್ಗಾಯಿಸಿದರು. ಹನ್ನೆರಡು ತಂಡಗಳ ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದ ಹನ್ನೊಂದರ ಜೊತೆ ತಲಾ 14 ಪಂದ್ಯ ಆಡಬೇಕು, ಏಳು ತನ್ನಲ್ಲಿ, ಏಳು ಅವರಲ್ಲಿ. ಅಂದರೆ ತವರಿನಲ್ಲಿ 77. ಸ್ಪೈಡರ್ಸ್ ತವರಿನಲ್ಲಿ ಆಡಿದ್ದು 42, ಹೊರಗೆ ಆಡಿದ್ದು 112. ತವರಿನಲ್ಲಿ 9 ಗೆಲುವು 33 ಸೋಲು, ಹೊರಗೆ 11 ಗೆಲುವು 101 ಸೋಲು. ಇದೇ ತಂಡ ತನ್ನೂರಿನಲ್ಲಿ ಐದಕ್ಕೊಂದು ಗೆಲ್ಲುತ್ತಿತ್ತು, ಪರವೂರಿನಲ್ಲಿ ಹತ್ತಕ್ಕೊಂದು. ತಿಂಗಳುಗಟ್ಟಲೆ ರೈಲಿನಲ್ಲಿ ಮಲಗಿ, ಹೋಟೆಲಿನಲ್ಲಿ ಉಂಡು, ದಿನವೂ ಬೇರೆಯವರ ಜನರ ಮುಂದೆ ಆಡುವ ತಂಡಕ್ಕೆ ಕ್ಲೀವ್‌ಲ್ಯಾಂಡ್ ಪತ್ರಿಕೆಗಳು ದೇಶಭ್ರಷ್ಟರು, ಕೂಡಿಬಾರದವರು ಎಂದೆಲ್ಲ ಅಡ್ಡಹೆಸರು ಇಟ್ಟವು. ಇವರ ತವರಿನ 42 ಪಂದ್ಯಗಳನ್ನು ನೋಡಿದವರ ಒಟ್ಟು ಸಂಖ್ಯೆ 6,088. ಪಂದ್ಯಕ್ಕೆ ಸರಾಸರಿ 145. ಸೇಂಟ್ ಲೂಯಿಸ್‌ನಲ್ಲಿ ಒಂದು ಒಳ್ಳೆಯ ಭಾನುವಾರಕ್ಕೆ ಈ ಒಟ್ಟು ಸಂಖ್ಯೆಗಿಂತ ಹೆಚ್ಚು ಜನ ಬರುತ್ತಿದ್ದರು.

ಋತುವಿನ ಕೊನೆಯ ದಿನ, ಅಕ್ಟೋಬರ್ 15ರಂದು, ಸಿನ್ಸಿನಾಟಿಯಲ್ಲಿ ನಡೆದದ್ದು ಈ ವ್ಯವಸ್ಥೆಯನ್ನು ಹತ್ತಿರದಿಂದ ತೋರಿಸುತ್ತದೆ. ತಂಡ ಇಳಿದುಕೊಂಡಿದ್ದ ಹೋಟೆಲಿನಲ್ಲಿ ಸಿಗಾರ್ ಮಾರುತ್ತಿದ್ದ ಎಡ್ಡಿ ಕೋಲ್ಬ್ ಎಂಬ ಹುಡುಗನನ್ನು ಪಿಚರ್ ಆಗಿ ಇಳಿಸಿದರು. ಅವನು ಕೊನೆಯವರೆಗೂ ಎಸೆದ, ತಂಡ 19-3ರಿಂದ ಸೋತಿತು. ಅವನು ಆಡಿದ ಮೇಜರ್ ಲೀಗ್ ಪಂದ್ಯ ಅದೊಂದೇ. ಇದನ್ನು ತಮಾಷೆಯಾಗಿ ಹೇಳುವವರು ಒಂದನ್ನು ಗಮನಿಸುವುದಿಲ್ಲ: ಹಣ ಕೊಟ್ಟು ಒಳಗೆ ಬಂದ ಸಿನ್ಸಿನಾಟಿಯ ಪ್ರೇಕ್ಷಕನಿಗೆ ಆ ದಿನ ನ್ಯಾಷನಲ್ ಲೀಗ್ ಮಾರಿದ ಸರಕು ಇದು. ಅದೇ ಊರಿನಲ್ಲಿ ಆಟಗಾರರು ಸೇರಿ ತಂಡದ ಪ್ರವಾಸ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ ಜಾರ್ಜ್ ಮ್ಯೂರ್‌ಗೆ ಒಂದು ವಜ್ರದ ಪದಕ ಉಡುಗೊರೆ ಕೊಟ್ಟರು. ತಮ್ಮ ಎಲ್ಲ ಪಂದ್ಯಗಳನ್ನೂ ಕೂತು ನೋಡಬೇಕಾಗಿ ಬಂದವನು ಅವನೊಬ್ಬನೇ ಎಂಬುದು ಅವರು ಕೊಟ್ಟ ಕಾರಣ. ತಾವು ಯಾವುದರ ಭಾಗವಾಗಿದ್ದೇವೆ ಎಂಬುದು ಆಟಗಾರರಿಗೆ ಚೆನ್ನಾಗಿಯೇ ಗೊತ್ತಿತ್ತು.

ಗೊತ್ತಿದ್ದೂ ಅವರೇಕೆ ಬಿಟ್ಟುಹೋಗಲಿಲ್ಲ? ಯಂಗ್ ಹೋಗೆಂದಲ್ಲಿಗೆ ಏಕೆ ಹೋದ? ಇದಕ್ಕೆ ಉತ್ತರ ಆ ಕಾಲದ ಕರಾರುಪತ್ರದಲ್ಲಿದೆ. 1879ರಲ್ಲಿ ತಂಡಕ್ಕೆ ಐದು ಆಟಗಾರರ ಮಟ್ಟಿಗೆ ಶುರುವಾದ 'ಕಾಯ್ದಿರಿಸುವ' ಪದ್ಧತಿ 1880ರ ದಶಕದಲ್ಲಿ ಎಲ್ಲ ಆಟಗಾರರಿಗೂ ಹಬ್ಬಿತು. ಕರಾರಿನ ಅವಧಿ ಮುಗಿದರೂ ಆಟಗಾರ ಅದೇ ಮಾಲೀಕನ ಸೊತ್ತು. ಬೇರೆ ತಂಡಗಳು ಅವನನ್ನು ಮಾತಾಡಿಸುವಂತಿಲ್ಲ. ಇದರ ವಿರುದ್ಧ ಆಟಗಾರರು 1890ರಲ್ಲಿ ತಮ್ಮದೇ ಪ್ಲೇಯರ್ಸ್ ಲೀಗ್ ಕಟ್ಟಿದರು, ಅದು ಒಂದೇ ವರ್ಷ ಬಾಳಿತು. ಮುಂದೆ ಪೈಪೋಟಿಯ ಲೀಗ್ ಒಂದೂ ಉಳಿಯದೆ ನ್ಯಾಷನಲ್ ಲೀಗ್ ಒಂದೇ ಅಂಗಡಿಯಾಯಿತು. ಎರಡು ತಂಡಗಳ ಒಡೆತನ ಅಪಾಯಕಾರಿಯಾದದ್ದು ಈ ಪದ್ಧತಿಯಿಂದಲೇ. ಆಟಗಾರನಿಗೆ ಒಲ್ಲೆ ಎನ್ನುವ ಹಕ್ಕಿದ್ದರೆ ಮಾಲೀಕ ಎಷ್ಟೇ ತಂಡ ಕೊಂಡರೂ ಒಂದನ್ನು ಹಿಂಡಿ ಇನ್ನೊಂದನ್ನು ತುಂಬುವುದು ಇಷ್ಟು ಸಲೀಸಾಗುತ್ತಿರಲಿಲ್ಲ. ಇದಕ್ಕೆ ಅದೇ ವರ್ಷದ ಸಾಕ್ಷಿಯೊಂದಿದೆ. 1899ರಲ್ಲಿ ಬ್ರೂಕ್ಲಿನ್ ಮತ್ತು ಬಾಲ್ಟಿಮೋರ್ ತಂಡಗಳೂ ಒಂದೇ ಗುಂಪಿನ ಕೈಗೆ ಬಂದವು. ಬಾಲ್ಟಿಮೋರ್‌ನ ನಾಯಕ ನೆಡ್ ಹ್ಯಾನ್ಲನ್ ಒಳ್ಳೆಯ ಆಟಗಾರರನ್ನು ಕಟ್ಟಿಕೊಂಡು ಬ್ರೂಕ್ಲಿನ್‌ಗೆ ಹೋದ, ಬ್ರೂಕ್ಲಿನ್ 101 ಪಂದ್ಯ ಗೆದ್ದು ಪ್ರಶಸ್ತಿ ಹೊಡೆಯಿತು. ಇಷ್ಟಾದರೂ ಬಾಲ್ಟಿಮೋರ್ 86-62ರೊಂದಿಗೆ ನಾಲ್ಕನೆಯ ಸ್ಥಾನ ಪಡೆಯಿತು. ಹಾಗಾದರೆ ಜೋಡಿ ಒಡೆತನದಲ್ಲೇ ದೋಷವಿಲ್ಲ, ದೋಷ ರಾಬಿಸನ್ನರದು ಮಾತ್ರ ಎಂದು ಹೇಳಬಹುದು. ಆದರೆ ಬಾಲ್ಟಿಮೋರ್ ಉಳಿದದ್ದು ಮಾಲೀಕರ ದಯೆಯಿಂದಲ್ಲ. ಅಲ್ಲಿನ ಆಟಗಾರರಾದ ಜಾನ್ ಮೆಗ್ರಾ ಮತ್ತು ವಿಲ್ಬರ್ಟ್ ರಾಬಿನ್ಸನ್ ಬ್ರೂಕ್ಲಿನ್‌ಗೆ ಬರುವುದಿಲ್ಲ ಎಂದು ಪಟ್ಟುಹಿಡಿದರು. ಬಾಲ್ಟಿಮೋರ್‌ನಲ್ಲಿ ಅವರಿಬ್ಬರದೂ ಪಾಲುದಾರಿಕೆಯ ಹೋಟೆಲ್ ವ್ಯಾಪಾರವಿತ್ತು. ಆಟದ ಸಂಬಳ ನಿಂತರೂ ಊಟಕ್ಕೆ ತೊಂದರೆಯಿರಲಿಲ್ಲ. ಆಜ್ಞೆ ಮೀರಬಲ್ಲ ಇಬ್ಬರು ಇದ್ದದ್ದರಿಂದ ತಂಡ ತಂಡವಾಗಿ ಉಳಿಯಿತು. ಅದೂ ಒಂದೇ ವರ್ಷದ ಮಟ್ಟಿಗೆ.

ಈಗ ಆಕ್ಷೇಪಗಳು. ಮೊದಲು ಕೈಬಿಟ್ಟದ್ದು ಕ್ಲೀವ್‌ಲ್ಯಾಂಡ್ ನಗರವೇ, ಮಾಲೀಕರು ಮಾಡಿದ್ದು ಅದಕ್ಕೆ ಮಾರುತ್ತರ ಎಂಬುದು ಎಲ್ಲಕ್ಕಿಂತ ಹಳೆಯ ಸಮರ್ಥನೆ. ಫ್ರಾಂಕ್ ರಾಬಿಸನ್ ಬದುಕಿರುವವರೆಗೂ ಹೆಚ್ಚುಕಡಿಮೆ ಇದನ್ನೇ ಹೇಳಿದ. 1898ರ 70 ಸಾವಿರ ಕಡಿಮೆ ಸಂಖ್ಯೆ ಎಂಬುದು ನಿಜ, ಭಾನುವಾರದ ಕಾನೂನು ಅವನ ಕೈಯಲ್ಲಿರಲಿಲ್ಲ ಎಂಬುದೂ ನಿಜ. ಇಷ್ಟು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಅದೇ ನಗರದಲ್ಲಿ 1901ರಲ್ಲಿ ಅಮೆರಿಕನ್ ಲೀಗ್‌ನ ಹೊಸ ತಂಡ ಆಡಿತು. ಅದು 54 ಗೆದ್ದು 82 ಸೋತು ಎಂಟರಲ್ಲಿ ಏಳನೆಯ ಸ್ಥಾನದಲ್ಲಿ ನಿಂತಿತು. ಭಾನುವಾರದ ನಿಷೇಧ ಇನ್ನೂ ಇತ್ತು, ಅದು ತೆರವಾದದ್ದು 1911ರಲ್ಲಿ. ಮೈದಾನವೂ ಅದೇ ಲೀಗ್ ಪಾರ್ಕ್. ನೋಡಲು ಬಂದವರು 1 ಲಕ್ಷ 30 ಸಾವಿರದಷ್ಟು. ಜನಕ್ಕೆ ಸೋಲು ಅಸಹ್ಯವಾಗಿರಲಿಲ್ಲ. ಮಾಲೀಕನೇ ಬೇಡವೆಂದ ತಂಡಕ್ಕೆ ಕಾಸು ಕೊಡಲು ಅವರಿಗೆ ಮನಸ್ಸಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಚತುರವಾದದ್ದು. ಹನ್ನೊಂದು ತಂಡಗಳೂ ಸ್ಪೈಡರ್ಸ್ ಜೊತೆ ತಲಾ 14 ಪಂದ್ಯ ಆಡಿದವು. ಎಲ್ಲರಿಗೂ ಸಮನಾಗಿ ಹಂಚಿದ ಪ್ರಸಾದವಾದ್ದರಿಂದ ಪ್ರಶಸ್ತಿಯ ಲೆಕ್ಕ ಕೆಡಲಿಲ್ಲ ಎಂಬುದು ಅದರ ತಿರುಳು. ಇದು ಒಪ್ಪುವಂತೆ ಕಾಣುತ್ತದೆ, ಸ್ಪೈಡರ್ಸ್ ಎಂಬುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದೇ ತಂಡ ಎಂದು ಭಾವಿಸಿದರೆ. ಅದು ಒಂದೇ ತಂಡವಾಗಿರಲಿಲ್ಲ. ಕ್ರಾಸ್ ಇದ್ದಾಗ ಐದಕ್ಕೊಂದು ಗೆಲ್ಲುತ್ತಿದ್ದ ತಂಡವನ್ನು ಎದುರಿಸಿದವರಿಗೂ, ಋತುವಿನ ಕೊನೆಯಲ್ಲಿ 41ಕ್ಕೆ ಒಂದು ಗೆದ್ದ ತಂಡವನ್ನು ಎದುರಿಸಿದವರಿಗೂ ಸಿಕ್ಕ ಪ್ರಸಾದ ಸಮವಲ್ಲ. ವೇಳಾಪಟ್ಟಿಯಲ್ಲಿ ಯಾರ ಹೆಸರು ಎಲ್ಲಿ ಬಂತು ಎಂಬುದರ ಮೇಲೆ ಗೆಲುವುಗಳು ನಿಂತವು. ಪಂದ್ಯಗಳನ್ನು ಊರಿಂದ ಊರಿಗೆ ಸಾಗಿಸಿದ್ದರಿಂದ ಕೆಲವರಿಗೆ ತವರಿನ ಪಂದ್ಯಗಳೂ ಹೆಚ್ಚು ದಕ್ಕಿದವು. ಬ್ರೂಕ್ಲಿನ್ ಎಷ್ಟೋ ಮುಂದಿದ್ದುದರಿಂದ ಆ ವರ್ಷ ಪ್ರಶಸ್ತಿ ಬದಲಾಗಲಿಲ್ಲವೇನೋ. ಆದರೆ 95-57ರ ಬಾಸ್ಟನ್ ಎರಡನೆಯದು, 94-58ರ ಫಿಲಡೆಲ್ಫಿಯಾ ಮೂರನೆಯದು. ಅಲ್ಲಿರುವ ಅಂತರ ಒಂದೇ ಪಂದ್ಯ.

ಮೂರನೆಯದು ಆಸ್ತಿಯ ಹಕ್ಕಿನ ವಾದ. ಹಣ ಹೂಡಿದವನು ತನ್ನ ಹಣ ಎಲ್ಲಿ ಹೆಚ್ಚು ಹುಟ್ಟುತ್ತದೋ ಅಲ್ಲಿಗೆ ಕೊಂಡೊಯ್ಯುವುದು ತಪ್ಪೇ? ಈ ವಾದ ಹುಟ್ಟಿದ ಜಾಗವೂ ಕಾಲವೂ ಗಮನಾರ್ಹ. ಕ್ಲೀವ್‌ಲ್ಯಾಂಡ್ 1870ರಲ್ಲಿ ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಹುಟ್ಟಿದ ಊರು. ಎದುರಾಳಿಗಳನ್ನು ಕೊಂಡು, ಬಗ್ಗದವರನ್ನು ಮುಚ್ಚಿಸಿ ಬೆಳೆದ ಟ್ರಸ್ಟ್‌ಗಳ ಕಾಲ ಅದು. ಎಣ್ಣೆ ವ್ಯಾಪಾರದಲ್ಲಿ ಎದುರಾಳಿ ಸತ್ತರೆ ಲಾಭ. ಆಟದಲ್ಲಿ ಎದುರಾಳಿ ಸತ್ತರೆ ಮಾರುವುದಕ್ಕೆ ಏನೂ ಉಳಿಯುವುದಿಲ್ಲ, ಏಕೆಂದರೆ ಪ್ರೇಕ್ಷಕ ಕೊಳ್ಳುವುದು ಎರಡು ತಂಡಗಳೂ ಕೂಡಿ ತಯಾರಿಸಿದ ಒಂದು ಅನಿಶ್ಚಯವನ್ನು. ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ 1964ರಲ್ಲಿ ಇದನ್ನು ಶಾಸ್ತ್ರೀಯವಾಗಿ ಮಂಡಿಸಿದ. ಕ್ಲೀವ್‌ಲ್ಯಾಂಡ್‌ನ ಟ್ರಾಮ್ ಪ್ರಯಾಣಿಕರು ಅರವತ್ತೈದು ವರ್ಷ ಮೊದಲೇ ಮನೆಯಲ್ಲಿ ಕೂತು ಅದನ್ನು ಸಾಬೀತುಮಾಡಿದ್ದರು. ರಾಬಿಸನ್ನರು ತಮ್ಮ ಆಸ್ತಿಯನ್ನಷ್ಟೇ ಕರಗಿಸಲಿಲ್ಲ, ಉಳಿದ ತಂಡಗಳವರ 14 ದಿನದ ವ್ಯಾಪಾರವನ್ನೂ ಕರಗಿಸಿದರು. ಹಾಗಿದ್ದೂ ಆ ಮಾಲೀಕರು ತಡೆಯಲಿಲ್ಲ. ತಡೆಯುವ ನಿಯಮವೂ ಇರಲಿಲ್ಲ, ತಡೆಯುವ ಮುಖವೂ ಇರಲಿಲ್ಲ. 1890ರಲ್ಲಿ ನ್ಯೂಯಾರ್ಕ್ ತಂಡ ಮುಳುಗುವಂತಿದ್ದಾಗ ಬೇರೆ ತಂಡಗಳ ಮಾಲೀಕರೇ ಅದರ ಷೇರು ಕೊಂಡು ಉಳಿಸಿದ್ದರು. ಅಲ್ಲಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರ ಪಾಲು ಇರುವುದು ವಾಡಿಕೆಯಾಗಿತ್ತು.

ಹಾಗಾಗಿ 1899 ಒಂದು ಅಪವಾದ, ಒಬ್ಬ ಸಿಡುಕು ಮಾಲೀಕನ ಸೇಡು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಋತು ಮುಗಿದ ಮೇಲೆ ಲೂಯಿವಿಲ್‌ನ ಮಾಲೀಕ ಬಾರ್ನಿ ಡ್ರೈಫಸ್ ಹೋನಸ್ ವ್ಯಾಗ್ನರ್ ಮೊದಲಾದ ತನ್ನ ಒಳ್ಳೆಯ ಆಟಗಾರರನ್ನೆಲ್ಲ ಪಿಟ್ಸ್‌ಬರ್ಗ್‌ಗೆ ಒಯ್ದ. ಲೀಗ್ ಹನ್ನೆರಡರಿಂದ ಎಂಟಕ್ಕೆ ಇಳಿಯಿತು. ಕ್ಲೀವ್‌ಲ್ಯಾಂಡ್, ಲೂಯಿವಿಲ್, ಬಾಲ್ಟಿಮೋರ್, ವಾಷಿಂಗ್ಟನ್ ಹೊರಬಿದ್ದವು. ನಾಲ್ಕನೆಯ ಸ್ಥಾನದ ಬಾಲ್ಟಿಮೋರ್‌ಗೂ ಕೊನೆಯ ಸ್ಥಾನದ ಕ್ಲೀವ್‌ಲ್ಯಾಂಡ್‌ಗೂ ಒಂದೇ ಗತಿ. ಖಾಲಿಬಿಟ್ಟ ಈ ಜಾಗಗಳಲ್ಲಿ ಕೆಲವನ್ನೂ ಸೇರಿಸಿಕೊಂಡು ಬ್ಯಾನ್ ಜಾನ್ಸನ್ ತನ್ನ ಅಮೆರಿಕನ್ ಲೀಗ್ ಕಟ್ಟಿದ. ಅಲ್ಲಿಂದ ಹೆಚ್ಚಿನ ಸಂಬಳದ ಕರೆ ಬಂದಾಗ ಯಂಗ್ 1901ರಲ್ಲಿ ಬಾಸ್ಟನ್‌ಗೆ ಹೋದ, ಮರುವರ್ಷ ಬರ್ಕೆಟ್ ಮತ್ತು ವ್ಯಾಲೇಸ್ ಕೂಡ ರಾಬಿಸನ್ನರನ್ನು ಬಿಟ್ಟರು. ಎರಡು ವರ್ಷದ ಹಿಂದೆ ಸರಕಿನಂತೆ ಸಾಗಿಸಿದವರು ಈಗ ಕಾಲಿನ ಮೇಲೆ ನಡೆದು ಹೋದರು. ಇಷ್ಟಾದ ಮೇಲೂ ಪಾಠ ಕಲಿತವರಿಲ್ಲ. 1901ರಲ್ಲಿ ನ್ಯೂಯಾರ್ಕ್ ತಂಡದ ಮಾಲೀಕ ಆಂಡ್ರ್ಯೂ ಫ್ರೀಡ್‌ಮನ್ ಇಡೀ ಲೀಗನ್ನೇ ಒಂದು ಟ್ರಸ್ಟ್ ಮಾಡುವ ಯೋಜನೆ ತಂದ: ಎಲ್ಲ ಆಟಗಾರರೂ ಒಂದೇ ಉಗ್ರಾಣದ ಸೊತ್ತು, ನ್ಯೂಯಾರ್ಕ್‌ಗೆ ನೂರಕ್ಕೆ 30 ಪಾಲು, ಸಿನ್ಸಿನಾಟಿ, ಬಾಸ್ಟನ್, ಸೇಂಟ್ ಲೂಯಿಸ್‌ಗೆ ತಲಾ 12. ಬೆಂಬಲಿಸಿದವರಲ್ಲಿ ಫ್ರಾಂಕ್ ರಾಬಿಸನ್ ಇದ್ದ. ಡಿಸೆಂಬರ್ ಸಭೆಯಲ್ಲಿ ಎಂಟು ತಂಡಗಳ ಮತ 4-4 ಆಗಿ ಅದು ನಿಂತುಹೋಯಿತು. ಒಂದು ಮತ ಆಚೀಚೆ ಆಗಿದ್ದರೆ ಸ್ಪೈಡರ್ಸ್ ಅಪವಾದವಾಗಿ ಉಳಿಯದೆ ಮಾದರಿಯಾಗುತ್ತಿತ್ತು. ಅದು ಹಳೆಯ ಕಾಲ, ಇಂದು ಹಾಗಾಗದು ಎನ್ನುವವರಿಗೆ ಮಾಂಟ್ರಿಯಲ್‌ನ ಎಕ್ಸ್‌ಪೋಸ್ ತಂಡ ನೆನಪಿರಲಿ. 2002ರಿಂದ 2004ರವರೆಗೆ ಉಳಿದ 29 ತಂಡಗಳ ಮಾಲೀಕರೇ ಕೂಡಿ ಅದನ್ನು ನಡೆಸಿದರು. 2003ರಲ್ಲಿ ಅದು ತವರಿನ 22 ಪಂದ್ಯಗಳನ್ನು ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಆಡಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಮುಂದಿನ ಸುತ್ತಿನ ಪೈಪೋಟಿಯಲ್ಲಿದ್ದಾಗ, ಸೆಪ್ಟೆಂಬರ್‌ನಲ್ಲಿ ಎಲ್ಲ ತಂಡಗಳೂ ಕರೆಸಿಕೊಳ್ಳುವ ಹೆಚ್ಚುವರಿ ಆಟಗಾರರಿಗೆ ಇದಕ್ಕೆ ಮಾತ್ರ ಹಣ ಸಿಗಲಿಲ್ಲ.

ಕೊನೆಯ ಆಕ್ಷೇಪ ನೇರವಾದದ್ದು: ವ್ಯವಸ್ಥೆಯ ಮಾತು ಹಾಗಿರಲಿ, ಚೆಂಡು ಎಸೆದವರು ಮನುಷ್ಯರು ತಾನೆ, ಅವರು ನಿಜಕ್ಕೂ ಕೆಟ್ಟ ಆಟಗಾರರಲ್ಲವೆ? ಹೌದು, ಹೆಚ್ಚಿನವರು ಸಾಧಾರಣರು. ತಂಡ ಗಳಿಸಿದ ರನ್ 529, ಬಿಟ್ಟುಕೊಟ್ಟದ್ದು 1,252. ಇದನ್ನು ದುರದೃಷ್ಟ ಎನ್ನಲು ಬರುವುದಿಲ್ಲ. ಆದರೆ ಸಾಧಾರಣ ಆಟಗಾರರು ಪ್ರತಿ ಲೀಗ್‌ನಲ್ಲೂ ಇರುತ್ತಾರೆ. ಅವರ ಪಕ್ಕದಲ್ಲಿ ಯಾರಿದ್ದಾರೆ, ಅವರು ಸೋತಾಗ ಬದಲಿಗೆ ಯಾರು ಬರುತ್ತಾರೆ ಎಂಬುದರ ಮೇಲೆ ಅಂಕಿ ತೀರ್ಮಾನವಾಗುತ್ತದೆ. ಸ್ಪೈಡರ್ಸ್‌ನ ಮುಖ್ಯ ಪಿಚರ್ ಜಿಮ್ ಹ್ಯೂಯಿಯನ್ನು ತೆಗೆದುಕೊಳ್ಳಿ. 1899ರಲ್ಲಿ ಅವನ ಲೆಕ್ಕ 4 ಗೆಲುವು, 30 ಸೋಲು. ಅವನ ಜೊತೆಗಾರ ಚಾರ್ಲಿ ನೆಪರ್ 4 ಗೆದ್ದು 22 ಸೋತ, ಫ್ರಾಂಕ್ ಬೇಟ್ಸ್ 1 ಗೆದ್ದು 18 ಸೋತ. ಹ್ಯೂಯಿಯ ನಂತರ ಮೇಜರ್ ಲೀಗ್‌ನಲ್ಲಿ ಯಾವ ಪಿಚರ್ ಕೂಡ ಒಂದು ಋತುವಿನಲ್ಲಿ 30 ಪಂದ್ಯ ಸೋತಿಲ್ಲ, ಏಕೆಂದರೆ ಅಷ್ಟು ಸೋಲುವ ಮೊದಲೇ ಯಾವುದೇ ಮಾಲೀಕ ಬೇರೊಬ್ಬನನ್ನು ಹುಡುಕುತ್ತಾನೆ. ಇಲ್ಲಿ ಹುಡುಕುವವರೇ ಇರಲಿಲ್ಲ. 1900ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅಳಿದ ಮೇಲೆ ರಾಬಿಸನ್ನರು ಹ್ಯೂಯಿಯನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಅದೇ ಮಾಲೀಕರು, ಅದೇ ತೋಳು. ಹಿಂದೆ ನಿಂತು ಚೆಂಡು ಹಿಡಿಯಲು ವ್ಯಾಲೇಸ್, ರನ್ ತರಲು ಬರ್ಕೆಟ್. ಆ ವರ್ಷ ಅವನು 5 ಪಂದ್ಯ ಗೆದ್ದು 7 ಸೋತ.